ಸಾಹುಕಾರರನ್ನು ಬರೆದ ಆಷಾಢ

ಆನೆಯ ಕಣ್ಣು ಬರೆಯುವುದೊಂದು ಬಾಕಿ ಇತ್ತು. ಕಣ್ಣನ್ನು ಕಡೆಗೆ ಇಟ್ಟುಕೊಳ್ಳುವುದು ನನ್ನ ರೂಢಿ. ಅದನ್ನು ಬರೆದ ಮೇಲೆ ಗೋಡೆಗೆ ಮತ್ತೆ ಕುಂಚ ಸೋಕಿಸುವುದಿಲ್ಲ. ರಾಯದುರ್ಗದ ಆ ಹೊಸ ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ, ಸಾರುವೆ ಹಲಗೆಯ ಮೇಲೆ ಕೂತು ಕಪ್ಪು ಬಣ್ಣದ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದೆ. ಕೆಳಗಿನಿಂದ ಸಾಹುಕಾರರು ಕೂಗಿದರು.

"ಅಕ್ಕಾ, ಇಳೀರಿ ಕೆಳಗ."

ಮಕ್ಕಳೇ, ಆ ಮಂಟಪದಲ್ಲಿ ಯಾರದೇ ಮದುವೆಯಾದರೂ ಅಜ್ಜಿ ಹೋಗಿ ಊಟ ಮಾಡುವುದಿಲ್ಲ, ಯಾಕೆ ಎಂದು ನಿಮ್ಮಮ್ಮನನ್ನು ಕೇಳಿದಿರಂತೆ. ಬಾಯಿಬಿಟ್ಟು ಹೇಳಲು ನನಗೆ ಬರುವುದಿಲ್ಲ. ನಾಲ್ಕು ಜನ ಸೇರಿದರೆ ನನ್ನ ಗಂಟಲು ಕಟ್ಟುತ್ತದೆ, ನೀವೇ ನೋಡಿದ್ದೀರಿ. ಅದಕ್ಕೆ ಬರೆದು ಇಡುತ್ತಿದ್ದೇನೆ. ಹಳ್ಳಿ ಶಾಲೆಯಲ್ಲಿ ಕಲಿತ ಕನ್ನಡ ಇದು, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಸಾಹುಕಾರರು ನನ್ನ ತವರಿನ ಬೀದಿಯವರು. ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಸುವ ದೊಡ್ಡ ಶೆಡ್ಡು ಅವರದು. ಚಿಕ್ಕವರಿದ್ದಾಗ ಅವರು ಹೊಲಿಗೆ ಕಲಿತದ್ದು ನಿಮ್ಮ ಮುತ್ತಜ್ಜನ, ಅಂದರೆ ನಮ್ಮಪ್ಪನ, ಮಷೀನಿನ ಮೇಲೆ. ಅಪ್ಪ ಕೊರಳಿಗೆ ಹಾಕಿಕೊಳ್ಳುತ್ತಿದ್ದ ಹಾಗೆಯೇ ಅಳತೆ ಟೇಪು ಹಾಕಿಕೊಳ್ಳುವುದನ್ನೂ ಅಲ್ಲೇ ಕಲಿತರು. ಈಗ ಕೈಯಲ್ಲಿ ಕತ್ತರಿ ಹಿಡಿಯುವುದಿಲ್ಲ, ಆದರೂ ರೇಷ್ಮೆ ಅಂಗಿಯ ಮೇಲೂ ಟೇಪು ಇರಲೇಬೇಕು. ಊರಿನವರು ಅವರನ್ನು ದೂರದಿಂದ ಗುರುತಿಸುವುದು ಅದರಿಂದಲೇ. ನನಗೆ ಅಕ್ಕಾ ಎನ್ನುತ್ತಿದ್ದರು, ನಾನು ತಮ್ಮಾ ಎನ್ನುತ್ತಿದ್ದೆ. ನಿಮ್ಮ ತಾತ ತೀರಿಕೊಂಡಾಗ ರಾಯದುರ್ಗದಿಂದ ಮಡಕಶಿರದವರೆಗೆ ಬಂದು ಮಣ್ಣು ಹಾಕಿ ಹೋಗಿದ್ದರು.

ತಾತ ಹೋದ ಮೇಲೆ ನಮ್ಮ ಹಿಪ್ಪುನೇರಳೆ ತೋಟ ಒಣಗಿತು. ರೇಷ್ಮೆ ಹುಳು ಸಾಕುತ್ತಿದ್ದ ಉದ್ದನೆಯ ಮನೆ ಖಾಲಿ ಬಿತ್ತು. ಅದರಲ್ಲಿ ನಾನು ಮಕ್ಕಳಿಗೆ ಚಿತ್ರ ಹೇಳಿಕೊಡಲು ಶುರು ಮಾಡಿದೆ. ಅರ್ಧ ಮನೆಯಲ್ಲಿ ಕ್ಲಾಸು. ಇನ್ನರ್ಧದಲ್ಲಿ, ಹುಳು ಗೂಡು ಕಟ್ಟುತ್ತಿದ್ದ ಬಿದಿರಿನ ಚಂದ್ರಿಕೆಗಳನ್ನು ಸಾಲಾಗಿ ನಿಲ್ಲಿಸಿ, ಅವುಗಳಿಗೆ ಚಿತ್ರ ಕಟ್ಟಿ ಪ್ರದರ್ಶನ. ಊರಿನವರು ಈಗಲೂ ಅದನ್ನು ಹುಳಿನ ಮನೆ ಎಂದೇ ಕರೆಯುತ್ತಾರೆ. ಸಾಹುಕಾರರೂ ಒಮ್ಮೆ ಬಂದು ನೋಡಿ, ತಮ್ಮ ಶೆಡ್ಡಿನಲ್ಲಿ ಮಿಕ್ಕ ಜೀನ್ಸ್ ತುಂಡುಗಳನ್ನು ಮೂಟೆಗಟ್ಟಲೆ ಕಳಿಸುತ್ತಿದ್ದರು. ಮಕ್ಕಳು ಅವುಗಳ ಮೇಲೆ ಬಣ್ಣ ಬಳಿದು ಕಲಿತರು. ಆ ಉಪಕಾರವನ್ನು ನಾನು ಮುಚ್ಚಿಡುವುದಿಲ್ಲ.

ಅವರ ಒಬ್ಬನೇ ಮಗನಿಗೆ ಮಡಕಶಿರದ ಹೆಣ್ಣು ಗೊತ್ತಾಯಿತು. ತಾವು ಕಟ್ಟಿಸಿದ ಮಂಟಪದಲ್ಲೇ ಮೊದಲ ಮದುವೆ. ಊಟದ ಹಾಲಿನ ಉದ್ದ ಗೋಡೆ ಬರೆದುಕೊಡಿ ಎಂದು ನಮ್ಮ ಮನೆಗೇ ಬಂದು ಕೇಳಿದರು. ನಾನು ಮೊದಲು ಹೇಳಿದ ಮಾತೇ ಇದು: "ತಮ್ಮಾ, ನನ್ನ ಕೈಲಿ ಮದುವಿ ಗೋಡಿ ಬರಸ್ತಿಯೇನು? ಜನ ಏನಂದಾರು?"

ಅವರು ನಕ್ಕರು. "ಅಕ್ಕಾ, ಯಾವ ಕಾಲದಾಗ ಅದೀರಿ? ಹಸಿಮಣಿ ಹಿಂದಿನ ಗೋಡಿ ನಮ್ಮ ಮನಿ ಹೆಣ್ಮಕ್ಳು ಬರೀತಾರ. ಊಟದ ಗೋಡಿ ನಿಮ್ದು. ಭಾವನ ಮಣ್ಣಿಗಿ ಬಂದಿದ್ದೆ, ನಂಗ ಗೊತ್ತಿಲ್ಲದ್ದು ಏನೈತಿ? ಸುಮ್ನ ಬರ್ರಿ."

ಆಗ ನಮ್ಮ ಕ್ಲಾಸಿನ ದೊಡ್ಡ ಹುಡುಗಿ ಪಕ್ಕದಲ್ಲೇ ಕುಂಚ ತೊಳೆಯುತ್ತಿದ್ದಳು. ಡಿಗ್ರಿ ಓದುವವಳು, ಬಾಯಿ ಸ್ವಲ್ಪ ಜೋರು. ಅವಳನ್ನೂ ಇನ್ನೂ ಮೂವರು ಹುಡುಗಿಯರನ್ನೂ ಕರೆದುಕೊಂಡು ಹೋದೆ. ಪಾವಗಡ, ಕಲ್ಯಾಣದುರ್ಗ ಎಂದು ಬಸ್ಸು ಬದಲಿಸುತ್ತಾ ರಾಯದುರ್ಗ ಸೇರಿ, ನನ್ನ ತವರುಮನೆಯಲ್ಲಿ ಉಳಿದುಕೊಂಡು ಕೆಲಸ ಮಾಡಿದೆವು.

ಗೋಡೆಯ ಎಡದಿಂದ ಮಡಕಶಿರದವರು ಬರುತ್ತಾರೆ: ಹಿಂದೆ ಕೋಟೆ ಬೆಟ್ಟ, ಮುಂದೆ ಸೊಪ್ಪಿನ ಬುಟ್ಟಿ ಹೊತ್ತ ಹೆಂಗಸರು, ಕಡಲೆಕಾಯಿ ಗಾಡಿ, ಹಳದಿ ಗೂಡು ತುಂಬಿದ ಚಂದ್ರಿಕೆಗಳು. ಬಲದಿಂದ ರಾಯದುರ್ಗದವರು ಬರುತ್ತಾರೆ: ಅವರ ಬೆಟ್ಟ, ತಲೆಯ ಮೇಲೆ ಹೊಲಿಗೆ ಮಷೀನು ಹೊತ್ತವರು, ನೀಲಿ ಬಟ್ಟೆಯ ಸುರುಳಿ ಹಿಡಿದವರು. ಎರಡು ಮೆರವಣಿಗೆ ನಡುವಿನ ಆನೆಯ ಹತ್ತಿರ ಸೇರುತ್ತವೆ. ಇಷ್ಟು ದೊಡ್ಡದನ್ನು ನಾನು ಅದಕ್ಕೆ ಮೊದಲು ಬರೆದಿರಲಿಲ್ಲ. ಅದರ ನಂತರವೂ ಬರೆದಿಲ್ಲ.

ಸಾರುವೆಯಿಂದ ಇಳಿದೆ. ಸಾಹುಕಾರರ ಹಿಂದೆ ಬಿಳಿ ಬಣ್ಣದ ಬಕೆಟ್ಟು ಹಿಡಿದ ಇಬ್ಬರು ಕೂಲಿಯವರಿದ್ದರು. ಮರುದಿನ ಮದುವೆ. ಬೆಳಿಗ್ಗೆಯೇ ಹೆಣ್ಣಿನ ಕಡೆಯವರು ಬಂದು ಇಳಿದಿದ್ದರು. ಸಾಹುಕಾರರು ನನಗೊಬ್ಬಳಿಗೆ ಕೇಳುವ ಹಾಗೆ ಹೇಳಿದರು:

"ಹೆಣ್ಣಿನ ಅಜ್ಜಿ ಗೋಡಿ ನೋಡಿದ್ರು ಅಕ್ಕಾ. ಬರದಾಕಿ ಮುತ್ತೈದಿ ಏನು ಅಂತ ಕೇಳಿದ್ರು."

"ನೀ ಏನಂದಿ?"

"ಏನನ್ಲಿ? ವಿಚಾರ್ಸಿ ಹೇಳ್ತೀನಿ ಅಂದೆ. ಒಬ್ಬನ ಮಗ ನಂಗ. ನಾಳಿ ಹೊತ್ತಿಗಿ ಏನಾರ ಎಡವಟ್ಟಾದ್ರ?"

ಅಷ್ಟೇ ಹೇಳಿ ಹೋಗಿದ್ದರೆ ನಾನು ಬಸ್ಸು ಹತ್ತಿ ಬಂದು ಅತ್ತು ಸುಮ್ಮನಾಗುತ್ತಿದ್ದೆನೇನೋ. ಆದರೆ ಅಷ್ಟರಲ್ಲಿ ಅಡುಗೆಯವರು, ನೆಂಟರು ಬಾಗಿಲಲ್ಲಿ ಗುಂಪಾದರು. ಅವರನ್ನು ಕಂಡದ್ದೇ ಸಾಹುಕಾರರ ದನಿ ಏರಿತು. ಬಲಗೈಯನ್ನು ಗೋಡೆಯ ಕಡೆ ನೀಡಿದರು.

"ನೀವು ಮೊದ್ಲ ಹೇಳ್ಬೇಕಿತ್ತು! ಇಂಥಾದ್ದು ಮುಚ್ಚಿಡ್ತಾರೇನ್ರಿ? ಗೊತ್ತಿದ್ರ ನಾ ಕರಸ್ತಿದ್ನಾ?"

ದೊಡ್ಡ ಹುಡುಗಿ ಹಲಗೆಯ ಮೇಲಿಂದ ಕೂಗಿದಳು: "ಯಾರ್ ಮುಚ್ಚಿಟ್ಟಿದ್ದು? ಮಣ್ಣಿಗೆ ಬಂದಿದ್ದೆ ಅಂತ ನೀವೇ ಅಂದ್ರಲ್ಲ, ನಾನಲ್ಲೇ ಇದ್ದೆ!"

"ಏ ಹುಡುಗೀ, ದೊಡ್ಡೋರ ನಡುವ ಬಾಯಿ ಹಾಕ್ಬ್ಯಾಡ. ಬಳೀರೋ ನೀವು."

ನಾನು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಸುಮ್ಮನಿದ್ದವಳನ್ನು ನೋಡಿದವರು ಏನು ತಿಳಿಯುತ್ತಾರೋ ಅದನ್ನೇ ಬಾಗಿಲಲ್ಲಿದ್ದವರು ತಿಳಿದರು. ಕೂಲಿಯವನೊಬ್ಬ ಆನೆಯನ್ನು ನೋಡುತ್ತಾ ತೆಲುಗಿನಲ್ಲಿ "ಇಂತ ಮಂಚಿ ಬೊಮ್ಮ..." ಎಂದು, ಇಷ್ಟು ಒಳ್ಳೆಯ ಚಿತ್ರ ಹೋಗುತ್ತಲ್ಲ ಎಂದು ಮರುಗಿ, ರೋಲರನ್ನು ಬಕೆಟ್ಟಿನಲ್ಲಿ ಅದ್ದಿದ. ನಮ್ಮ ಬಣ್ಣ ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ. ಮೊದಲ ಬಳಿತಕ್ಕೆ ಬಿಳಿ, ಕೆಂಪು, ಹಳದಿ ಕಲಸಿ ಗೋಡೆಯ ತುಂಬ ಗುಲಾಬಿ ಕೆಸರಾಯಿತು. ಎರಡನೆಯ ಸಲ ಬಳಿದರು.

ನಾನು ಗೋಡೆಯನ್ನು ನೋಡಲಿಲ್ಲ, ಅವರನ್ನು ನೋಡಿದೆ. ಟೇಪಿನ ಎಡತುದಿ ಬಲತುದಿಗಿಂತ ಕೆಳಗೆ ಜೋತಿತ್ತು. ಭಾರ ಎಡಗಾಲಿನ ಮೇಲಿತ್ತು. ಚಾಚಿದ ಕೈಯ ಮೊಣಕೈ ಸ್ವಲ್ಪ ಬಾಗಿತ್ತು, ಹೆಬ್ಬೆರಳು ಬೇರೆಯಾಗಿತ್ತು. ಹೊಟ್ಟೆಯ ಹತ್ತಿರ ಅಂಗಿಯ ಒಂದು ಗುಂಡಿ ಎಳೆದುಕೊಂಡಿತ್ತು. ಎಲ್ಲವನ್ನೂ ಕಣ್ಣಲ್ಲೇ ತೆಗೆದುಕೊಂಡೆ. ಯಾಕೆ ತೆಗೆದುಕೊಳ್ಳುತ್ತಿದ್ದೇನೆಂದು ಆಗ ನನಗೇ ತಿಳಿದಿರಲಿಲ್ಲ.

ಕೂಲಿಯನ್ನು ಪೂರ್ತಿ ಕೊಟ್ಟರು. ಅದರಲ್ಲಿ ತಕರಾರಿಲ್ಲ. ಕೊಡದೆ ಇದ್ದಿದ್ದರೆ ಒಳ್ಳೆಯದಿತ್ತು ಎಂದು ಬಸ್ಸಿನಲ್ಲಿ ಅನ್ನಿಸಿತು.

ನಾವು ಊರು ಮುಟ್ಟಿದ ಎರಡೇ ದಿನಕ್ಕೆ ಸುದ್ದಿಯೂ ಮುಟ್ಟಿತು. ಮದುವೆಗೆ ಹೋಗಿದ್ದ ಮಡಕಶಿರದವರು ಹೊತ್ತು ತಂದದ್ದು ಇಷ್ಟೇ: ಹುಳಿನ ಮನೆಯ ಅಮ್ಮ ತಾನು ವಿಧವೆ ಅನ್ನುವುದನ್ನು ಮುಚ್ಚಿಟ್ಟು ಮದುವೆ ಗೋಡೆ ಬರೆಯಲು ಹೋಗಿ ಸಿಕ್ಕಿಬಿದ್ದಳಂತೆ. ಗೋಡೆ ಅಳಿಸಿದ್ದನ್ನು ನಾನು ತಡೆದುಕೊಂಡೇನು. ಈ "ಮುಚ್ಚಿಟ್ಟು" ಅನ್ನುವ ಮಾತು ಗಂಟಲಲ್ಲಿ ಮುಳ್ಳಾಗಿ ನಿಂತಿತು.

ಮುಂದಿನ ಭಾನುವಾರದ ಕ್ಲಾಸಿಗೆ ಅರ್ಧದಷ್ಟು ಮಕ್ಕಳೂ ಬರಲಿಲ್ಲ. ಒಬ್ಬ ಹುಡುಗಿಯ ತಾಯಿ ಮಾತ್ರ ಬಂದು, ಮಗಳ ಬಣ್ಣದ ಡಬ್ಬಿ ಎತ್ತಿಕೊಂಡು ಹೇಳಿದಳು:

"ಬೇಜಾರ್ ಮಾಡ್ಕಬ್ಯಾಡಿ ಕಣಮ್ಮ. ನಮ್ದೂ ಹೆಣ್ಣ್ ಮಗ, ನಾಳೆ ಒಂದ್ ಕಡೀಕೆ ಕೊಡ್ಬೇಕು. ಗಂಡ ಇಲ್ದಿರೋದು ನಿಮ್ ತೆಪ್ಪಲ್ಲ. ಆದ್ರೆ ಸುಳ್ಳೇಳ್ಬಾರ್ದಿತ್ತು."

ಅವಳು ಹೋದ ಮೇಲೆ ನಿಮ್ಮ ಚಿಕ್ಕ ತಾತ, ನನ್ನ ಮೈದುನ, ಬಾಗಿಲಲ್ಲಿ ಬಂದು ಕೂತ. ಹುಳಿನ ಮನೆ ಇಬ್ಬರಿಗೂ ಸೇರಿದ್ದು. "ಅತ್ತಿಗೇ, ಮಕ್ಳು ಬರೋಗಂಟ ನಡುಸ್ಕಳಿ ಅಂದಿದ್ದೆ. ನಾನೀಗ ಮತ್ತೆ ಹಿಪ್ನೇರ್ಳೆ ಕಡ್ಡಿ ನೆಟ್ಟಿದ್ದೀನಿ, ಮಳೆಗಾಲ ಕಳುದ್ರೆ ಸೊಪ್ಪು ಬತ್ತೈತೆ. ಮಕ್ಳು ಬರ್ದಿದ್ರೆ ಹುಳ ಇಕ್ಕಬೇಕಾಯ್ತದೆ" ಎಂದ. ಕೆಟ್ಟವನಲ್ಲ, ಇದ್ದದ್ದನ್ನು ಹೇಳಿದ. ಮಳೆಗಾಲ ಮುಗಿಯುವುದರೊಳಗೆ ಮಕ್ಕಳು ಮರಳಿ ಬರದಿದ್ದರೆ ಚಿತ್ರದ ಮನೆ ಇಲ್ಲ.

ಆದರೂ ಸತ್ಯ ಹೇಳಬೇಕೆಂದರೆ, ಮನೆ ಉಳಿಸಿಕೊಳ್ಳಬೇಕು ಎನ್ನುವುದು ನನಗೆ ಎರಡನೆಯದಾಗಿ ಬಂದ ಯೋಚನೆ. ಮೊದಲು ಬಂದದ್ದು ಸಾಹುಕಾರರ ಮುಖ ಎಲ್ಲರ ಮುಂದೆ ಸುಟ್ಟುಹೋಗಬೇಕು ಅನ್ನುವುದು. ಹಿಟ್ಟು ಕಲಸುವಾಗ, ನೀರು ಸೇದುವಾಗ ಅದೇ ಯೋಚನೆ. ಬೈಗುಳ ನನಗೆ ಬರುವುದಿಲ್ಲ. ಬರುವುದು ಬರೆಯುವುದೊಂದೇ. ಹಾಗಾಗಿ ಬರೆದೆ.

ಮೊದಲ ಚಿತ್ರದಲ್ಲಿ ಅವರಿಗೆ ಕೋರೆಹಲ್ಲು ಇಟ್ಟೆ, ಕಣ್ಣಿಗೆ ಕೆಂಪು ಸುರಿದೆ, ಬೆರಳಿಗೆ ಉಗುರು ಬೆಳೆಸಿದೆ. ಬರೆಯುವಾಗ ಬಹಳ ಹಿತವಾಯಿತು. ದೊಡ್ಡ ಹುಡುಗಿ ಬಂದು ತಲೆ ಓರೆ ಮಾಡಿ ನೋಡಿದಳು.

"ಯಾರಮ್ಮ ಇದು?"

"ಯಾರ್ ಥರ ಐತೆ?"

"ನಾಟಕದ ರಾಕ್ಷಸನ ಥರ ಐತೆ. ಇದುನ್ನ ನೋಡುದ್ರೆ ಸಾವ್ಕಾರ್ರೂ ಚಪ್ಪಾಳೆ ಹೊಡೀತಾರೆ."

ಸಿಟ್ಟು ಬಂತು, ಆದರೆ ಅವಳು ಹೇಳಿದ್ದು ಸರಿ. ರಾಕ್ಷಸನನ್ನು ಬರೆದರೆ ಸಾಹುಕಾರರು ತಪ್ಪಿಸಿಕೊಳ್ಳುತ್ತಾರೆ. ಅವರು ಹೇಗೆ ನಿಂತಿದ್ದರೋ ಹಾಗೆಯೇ ಬರೆಯಬೇಕು, ಒಂದು ಗುಂಡಿಯನ್ನೂ ಹೆಚ್ಚು ಕಡಿಮೆ ಮಾಡದೆ. ಚಿತ್ರದ ಮೇಲೆ ಬಿಳಿ ಬಳಿದು ಅಳಿಸಿದೆ.

ಆಮೇಲೆ ಗೋಡೆಯ ಕೆಲಸಕ್ಕೆ ಬಂದಿದ್ದ ನಾಲ್ವರನ್ನೂ, ಇನ್ನೂ ಕ್ಲಾಸಿಗೆ ಬರುತ್ತಿದ್ದ ಕೆಲವರನ್ನೂ ಕೂರಿಸಿ, ಆ ದಿನವನ್ನು ಕಂಡಂತೆ, ಕೇಳಿದಂತೆ ಬರೆಯಿರಿ ಎಂದೆ. ಬರೆದರು. ಒಬ್ಬೊಬ್ಬರ ಸಾಹುಕಾರರು ಒಂದೊಂದು ತರಹ. ಒಬ್ಬಳದು ಎತ್ತರ, ಒಬ್ಬಳದು ಮೀಸೆ, ಒಬ್ಬಳ ಸಾಹುಕಾರರು ನಮ್ಮ ಮೈದುನನ ಹಾಗೇ ಇದ್ದರು. ಸಾಲಾಗಿ ಇಟ್ಟು ನೋಡಿದರೆ ಹತ್ತು ಮಂದಿ ಬೇರೆ ಬೇರೆ ಗಂಡಸರು. ಯಾರಿಗೂ ಏನೂ ತಾಗುವುದಿಲ್ಲ.

ಅಲ್ಲೇ ನನಗೆ ಅಪ್ಪನ ಅಂಗಡಿಯ ಕೆಲಸ ಹೊಳೆಯಿತು. ಮದುವೆಗೆ ಮೊದಲು ನಾನು ರವಿಕೆಯ ಕಸೂತಿಗೆ ಚಿತ್ರ ಇಳಿಸಿಕೊಡುತ್ತಿದ್ದೆ. ತೆಳು ಕಾಗದದ ಮೇಲೆ ಒಮ್ಮೆ ಗೀಟು ಎಳೆದು, ಗೀಟಿನ ಉದ್ದಕ್ಕೂ ಸೂಜಿಯಿಂದ ಒತ್ತಾಗಿ ತೂತು ಹೊಡೆಯುವುದು. ಬಟ್ಟೆಯ ಮೇಲೆ ಕಾಗದ ಇಟ್ಟು, ಸೀಮೆಎಣ್ಣೆಯಲ್ಲಿ ನೀಲಿ ಕಲಸಿ ಒರೆಸಿದರೆ ತೂತುಗಳಿಂದ ಇಳಿದು ಚಿತ್ರ ಬೀಳುತ್ತದೆ. ಒಂದೇ ನವಿಲು ಇಡೀ ಬೀದಿಯ ರವಿಕೆಗಳ ಮೇಲೆ ಕೂರುತ್ತಿತ್ತು. ಸಾಹುಕಾರರನ್ನೂ ಹಾಗೆ ಇಳಿಸಬೇಕು ಎಂದು ನಿಶ್ಚಯಿಸಿದೆ. ಎಲ್ಲ ಚಿತ್ರಗಳಲ್ಲೂ ಅದೇ ಮನುಷ್ಯ, ಅದೇ ಕೈ, ಅದೇ ಟೇಪು. ಅವರು ಕೈ ಚಾಚಿದ ಕಡೆ ಏನಿದೆ, ಏನನ್ನು ಬಿಳಿ ಬಳಿಯಲು ಹೇಳುತ್ತಿದ್ದಾರೆ, ಅದು ಮಾತ್ರ ಬರೆಯುವವಳ ಇಷ್ಟ.

ದೊಡ್ಡ ಹಾಳೆಯಲ್ಲಿ ಅವರನ್ನು ಬರೆದೆ. ಮುಖಕ್ಕೆ ಕಣ್ಣು ಮೂಗು ಇಡಲಿಲ್ಲ, ಹೊರಗೀಟು ಅಷ್ಟೇ. ಸೂಜಿ ಹಿಡಿದು ಕೂತೆ. ಟೇಪಿನ ಗೀಟುಗಳಿಗೆ ಬಂದಾಗ ಸಣ್ಣ ಸೂಜಿ ತೆಗೆದುಕೊಂಡೆ. ಒಂದೊಂದು ತೂತಿಗೂ ನನ್ನ ಮನಸ್ಸು ಏನೆನ್ನುತ್ತಿತ್ತು ಎಂದು ನಿಮಗೆ ಬರೆಯುವುದಿಲ್ಲ. ನೀವು ಇನ್ನೂ ಚಿಕ್ಕವರು.

ಚಿತ್ರಕ್ಕೆ ಬಟ್ಟೆ ಯಾವುದು ಅನ್ನುವುದನ್ನು ಯೋಚಿಸಬೇಕಾಗಿಯೇ ಇರಲಿಲ್ಲ. ಅವರು ಕಳಿಸಿದ್ದ ಜೀನ್ಸ್ ತುಂಡುಗಳ ಮೂಟೆ ಮೂಲೆಯಲ್ಲೇ ಇತ್ತು. ಆದರೆ ಇಷ್ಟು ದಿನ ಮಕ್ಕಳ ಕೈಗೆ ಕೊಟ್ಟದ್ದು ಅಂಗೈಯಗಲದ ತುಂಡು. ಈಗ ಬೇಕಾದದ್ದು ಚಂದ್ರಿಕೆ ತುಂಬುವಂಥದ್ದು. ತುಂಡುಗಳನ್ನು ಜೋಡಿಸಿ ಹೊಲಿದೆ. ಹುಣಸೆ ಬೀಜ ಹುರಿದು, ನೆನೆಸಿ, ಸಿಪ್ಪೆ ತೆಗೆದು ರುಬ್ಬಿ, ಕುದಿಸಿ ಅಂಟು ಮಾಡಿ, ಬಣ್ಣ ಕೂರುವ ಬಿಳಿ ಮೈ ಬರಲೆಂದು ಅದಕ್ಕೆ ಚಾಕ್ ಪೌಡರ್ ಕಲಸಿ ಬಳಿದೆವು. ಒಣಗಿದ ಮೇಲೆ ಹಪ್ಪಳದಂತೆ ಬಿರುಕು ಬಿಟ್ಟು ಉದುರಿತು. ಹೊಸ ಜೀನ್ಸ್ ಬಟ್ಟೆಗೆ ಮಿಲ್ಲಿನಲ್ಲಿ ಗಂಜಿ ಹಾಕಿರುತ್ತಾರೆ, ಅದು ಅಂಟನ್ನು ಒಳಗೆ ಬಿಡುವುದಿಲ್ಲ. ಎಲ್ಲವನ್ನೂ ಸೋಡಾ ಹಾಕಿ ಹಂಡೆಯಲ್ಲಿ ಕುದಿಸಿದೆವು. ಗಂಜಿ ಬಿಟ್ಟಿತು. ಎರಡನೆಯ ಸಲ ಬಳಿದಾಗ ಬಿರುಕು ಬರಲಿಲ್ಲ, ಆದರೆ ಬಟ್ಟೆಯ ನೀಲಿ ಮೇಲೆದ್ದು ಬಿಳಿಯೆಲ್ಲ ಮೋಡ ಕವಿದಂತಾಯಿತು. ಮತ್ತೆ ಕುದಿಸು, ಮತ್ತೆ ಜಾಲಿಸು. ಬಟ್ಟೆಯ ಒಳಮೈ, ಅಂದರೆ ಬಿಳಿಚು ಮೈ ಮೇಲೆ ಮಾಡಿ, ಅಂಟನ್ನು ತೆಳ್ಳಗೆ ಮೂರು ಪದರ ಕೊಟ್ಟು, ಪ್ರತಿ ಪದರವನ್ನೂ ನುಣುಪು ಕಲ್ಲಿನಿಂದ ಉಜ್ಜಿದ ಮೇಲೆ ಗೋಡೆಯಂತೆ ಗಟ್ಟಿಯಾಗಿ ನಿಂತಿತು.

ಸೀಮೆಎಣ್ಣೆ ನೀಲಿಯೂ ಕೈಕೊಟ್ಟಿತು. ರವಿಕೆ ಬಟ್ಟೆಯ ಮೇಲೆ ನಿಲ್ಲುತ್ತಿದ್ದ ಚುಕ್ಕೆ ಈ ಸುಣ್ಣದಂಥ ಮೈಮೇಲೆ ಹಬ್ಬಿ, ಸಾಹುಕಾರರಿಗೆ ಸಿಡುಬು ಎದ್ದಂತಾಯಿತು. ಹುಡುಗಿಯರು ಬಿದ್ದು ಬಿದ್ದು ನಕ್ಕರು. ಅಂದು ಮೊದಲ ಸಲ ನಾನೂ ನಕ್ಕೆ. ಕೊನೆಗೆ ಇದ್ದಿಲನ್ನು ನುಣ್ಣಗೆ ಪುಡಿ ಮಾಡಿ, ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಕಾಗದದ ಮೇಲೆ ಮೆಲ್ಲಗೆ ಬಡಿದೆವು. ಕಾಗದ ಎತ್ತಿದರೆ ಅವರು ಅಲ್ಲಿ ನಿಂತಿದ್ದರು. ಒಬ್ಬಳು ಮೆಲ್ಲಗೆ "ಅಯ್ಯೋ, ಬಂದ್ರು" ಅಂದಳು.

ಒಬ್ಬಳು ಅವರ ಕೈಯ ತುದಿಗೆ ಮಡಕಶಿರದ ಬೆಟ್ಟವನ್ನೇ ಇಟ್ಟು, ಇಬ್ಬರು ಏಣಿ ಹಾಕಿ ಬೆಟ್ಟಕ್ಕೆ ಬಿಳಿ ಬಳಿಯುತ್ತಿರುವುದನ್ನು ಬರೆದಳು. ಒಬ್ಬಳು ಹೆಂಗಸರ ಸಾಲು ನಿಲ್ಲಿಸಿ, ರೋಲರು ಹಾದ ಕಡೆಯಿಂದ ಅವರ ಸೀರೆ, ಬಳೆ, ಹಣೆ ಎಲ್ಲ ಬೆಳ್ಳಗಾಗುತ್ತಾ ಬರುವ ಹಾಗೆ ಮಾಡಿದಳು. ಮತ್ತೊಬ್ಬಳು ಕಡಲೆಕಾಯಿ ಹೊಲ. ದೊಡ್ಡ ಹುಡುಗಿ ನಮ್ಮ ಬಸ್ಸು ಬರೆದಳು, ಕಿಟಕಿಗಳಲ್ಲಿ ನಾವು, ಬಸ್ಸಿನ ಮೇಲೆ ಬಿಳಿ. ಎಲ್ಲಕ್ಕಿಂತ ಮೆತ್ತಗಿನ ಹುಡುಗಿಯೊಬ್ಬಳು ಏನನ್ನೂ ಬರೆಯಲಿಲ್ಲ. ಅಷ್ಟಗಲ ಬರೀ ಬಿಳಿ, ಒಂದು ಕಡೆ ಸಾಹುಕಾರರು, ಬಿಳಿಯ ನಡುವೆ ಆನೆಯ ಕಣ್ಣೊಂದು. ಅದು ನಾನು ಬರೆಯದೆ ಬಂದ ಕಣ್ಣು. ನೋಡಿ ನಾನು ಹಿತ್ತಿಲಿಗೆ ಹೋಗಿ ಮುಖ ತೊಳೆದು ಬಂದೆ.

ದಿನವನ್ನು ನಾನೇ ಆರಿಸಿದೆ. ಆಷಾಢಕ್ಕೆ ಹೊಸ ಸೊಸೆ ತವರಿಗೆ ಬಂದಿರುತ್ತಾಳೆ. ಆಷಾಢ ಕಳೆಯುವಾಗ ಕರೆದುಕೊಂಡು ಹೋಗಲು ಮಾವ ಬರಬೇಕು. ಅವರು ಬರುವ ದಿನ ಯಾವುದೆಂದು ದೊಡ್ಡ ಹುಡುಗಿ ಪತ್ತೆ ಹಚ್ಚಿದಳು. ಮಡಕಶಿರದಲ್ಲಿ ಹೆಣ್ಣಿನ ಮನೆಯ ಬಾಗಿಲಿಗೆ ನಾನೇ ಹೋದೆ. ಮದುಮಗಳೇ ಹೊರಗೆ ಬಂದಳು. ನಮ್ಮ ಹುಡುಗಿಯರ ಚಿತ್ರ ಇಟ್ಟಿದ್ದೇವೆ, ನೋಡಲು ಬನ್ನಿ, ನಿಮ್ಮ ಮಾವನವರನ್ನೂ ಕರೆತನ್ನಿ, ಅವರು ಬಟ್ಟೆ ಕಳಿಸಿದವರು ಎಂದು ಹೇಳಿ, ಒಳಗೆ ಕರೆದರೂ ಹೋಗದೆ ತಿರುಗಿ ಬಂದೆ. ಮಗಳನ್ನು ಕ್ಲಾಸು ಬಿಡಿಸಿದ ಮನೆಗಳಿಗೂ ಹೇಳಿಕಳಿಸಿದೆ. ಅವರು ಬರುತ್ತಾರೆಂದು ಗೊತ್ತಿತ್ತು. ಜಗಳವಾಗುವ ಕಡೆ ಜನ ಬಂದೇ ಬರುತ್ತಾರೆ.

ಬಂದರು. ಹುಳಿನ ಮನೆಯ ಅಂಗಳ ತುಂಬಿತು. ಸಾಹುಕಾರರು ಕಾರಿನಿಂದ ಇಳಿದರು, ಕೊರಳಲ್ಲಿ ಟೇಪು. ಜೊತೆಗೆ ಸೊಸೆ, ಸೊಸೆಯ ಅಜ್ಜಿ. ಅಜ್ಜಿಯನ್ನು ನಾನು ಅದೇ ಮೊದಲು ನೋಡಿದ್ದು. ಬರಿಗೈ, ಬರಿಹಣೆ. ಆಕೆಯೂ ನನ್ನ ಹಾಗೆಯೇ ಎಂದು ನನಗೆ ಯಾರೂ ಹೇಳಿರಲಿಲ್ಲ. ಇವಳೂ ವಿಧವೆಯಾಗಿ ನನ್ನ ಗೋಡೆಗೆ ಕಲ್ಲು ಹಾಕಿದಳಲ್ಲ ಎಂದು ಇನ್ನಷ್ಟು ಉರಿಯಿತು.

"ಏನಕ್ಕಾ, ಜೋರ್ ನಡಸೀರಿ!" ಎಂದು ಸಾಹುಕಾರರು ನಗುತ್ತಾ ಒಳಗೆ ಬಂದರು. ನಡೆದದ್ದೆಲ್ಲ ಮರೆತುಹೋಗಿದೆ ಅನ್ನುವ ನಗು.

ಮೊದಲ ಚಂದ್ರಿಕೆಯ ಮುಂದೆ ನಗು ಹಾಗೇ ಇತ್ತು. ಎರಡನೆಯದರ ಮುಂದೆ ಟೇಪಿಗೆ ಕೈ ಹೋಯಿತು. ಮೂರನೆಯದರ ಮುಂದೆ ಟೇಪು ತೆಗೆದು ಜೇಬಿಗೆ ತುರುಕಿದರು. ಹಿಂದಿನಿಂದ ಯಾವಳೋ ಹೆಂಗಸು ಕಿಸಕ್ಕೆಂದಳು. ತೆಗೆದರೆ ಏನಾಯಿತು, ಸಾಲಿನ ಕೊನೆಯ ಚಿತ್ರದವರೆಗೂ ಅವರು ಟೇಪು ಹಾಕಿಕೊಂಡೇ ನಿಂತಿದ್ದರು.

ಅಜ್ಜಿಗೆ ಕಣ್ಣು ಮಂಜು. ಹತ್ತಿರ ಹತ್ತಿರ ಹೋಗಿ ನೋಡುತ್ತಿದ್ದಳು. "ಇದೇನ್ ಬೀಗ್ರೆ, ಎಲ್ಲಾದ್ರಾಗೂ ನೀವೇ ಇದ್ದೀರಲ್ಲ! ಯಾತಕ್ಕೆ ಎಲ್ಲಾನೂ ಬಳುಸ್ತಾ ಇದ್ದೀರ?"

ದೊಡ್ಡ ಹುಡುಗಿ ಮಾತಾಡಿದಳು. "ಮದ್ವೆ ಗೋಡೆ ಬಳ್ಸಿದ್ರಲ್ಲ ಅಜ್ಜಿ, ಅದು. ನೀವು ಬ್ಯಾಡ ಅಂದ್ರಂತೆ, ಮುತ್ತೈದೆ ಬರೆದಿಲ್ಲ ಅಂತ."

"ನಾನಾ?" ಅಜ್ಜಿ ಸಾಹುಕಾರರ ಕಡೆ ತಿರುಗಿದಳು. "ನಾನ್ಯಾವಾಗ ಬ್ಯಾಡ ಅಂದೆ? ಬಣ್ಣ ಸರಿ ಕೂರ್ಲಿಲ್ಲ, ಅಳಿಸ್ದೆ ಅಂತ ನನ್ನತ್ರ ಅಂದ್ರಿ, ನಾನ್ ಅದುನ್ನೇ ನಂಬಿದ್ದೆ."

"ನೀವ ಕೇಳಿದ್ರಲ್ರಿ ಅವ್ವಾ, ಬರದಾಕಿ ಮುತ್ತೈದಿ ಏನು ಅಂತ..."

"ಕೇಳ್ದೆ. ಮಡ್ಲಕ್ಕಿ ಕಳ್ಸೋಕೆ ಕೇಳ್ದೆ! ಮದ್ವೆ ಗೋಡೆ ಬರ್ದೋಳಿಗೆ ಹೆಣ್ಣಿನ ಕಡೇರು ಮಡ್ಲು ತುಂಬ್ಬೇಕು, ನಮ್ ಪದ್ಧತಿ. ಅಕ್ಕಿ ಕಾಯಿ ಜತೆಗೆ ಕುಂಕುಮ ಇಕ್ಕ್ಲೋ ಬ್ಯಾಡ್ವೋ ಅಂತ ತಿಳೀಬೇಕಿತ್ತು. ಇಕ್ಕಬಾರ್ದೋರ್ಗೆ ಇಕ್ಕಿ ಮನಸ್ಸು ನೋಯಿಸ್ಬಾರ್ದಲ್ಲ. ನಾನೇ ಮುಂಡೆ, ನಾನ್ಯಾಕೆ ಬ್ಯಾಡ ಅನ್ಲಿ? ಆ ಆನೇನ ಮೊಮ್ಮಗ್ಳಿಗೆ ತೋರಿಸ್ಬೇಕು ಅಂತ ಬೆಳಿಗ್ಗೆ ಕರ್ಕಂಡ್ ಬಂದ್ರೆ ಬೋಳು ಗೋಡೆ!"

ಸಾಹುಕಾರರು ಪಕ್ಕದ ಚಂದ್ರಿಕೆ ಹಿಡಿದುಕೊಂಡರು. ಯಾರೂ ಕೇಳದ ಬೇಡಿಕೆಗೆ ಹೆದರಿ ಗೋಡೆ ಅಳಿಸಿ, ಅದನ್ನು ಮುಚ್ಚಲು ನನ್ನ ತಲೆಗೆ ಸುಳ್ಳು ಕಟ್ಟಿದ್ದರು. ಅವರಿಗೆ ತಾಗಲಿ ಎಂದು ನಾನು ಹೊಂಚಿದ್ದಕ್ಕಿಂತ ಎಷ್ಟೋ ಆಳವಾಗಿ ಅದು ತಾಗಿತು. ನಾನು ನೋಡಿದೆ. ಮರುಕ ಬಂತೇ ಎಂದು ನೀವು ಕೇಳಿದರೆ, ಬರಲಿಲ್ಲ.

"ಅಕ್ಕಾ," ದನಿ ಇಳಿದಿತ್ತು, "ಇವ್ನ ಇಳಿಸ್ರಿ. ಗೋಡಿ ಮತ್ತ ನೀವ ಬರೀರಂತ. ಎಷ್ಟ್ ದಿನ ಆಗ್ಲಿ."

ನನ್ನ ಗಂಟಲು ಆ ದಿನ ಕಟ್ಟಲಿಲ್ಲ. ಯಾಕೋ ತಿಳಿಯದು. "ತಮ್ಮಾ, ಅವತ್ತು ಜೋರಾಗಿ ಒಂದು ಮಾತಂದಿ. ಮುಚ್ಚಿಟ್ಟೆ ಅಂತ. ಇವತ್ತೂ ಅಷ್ಟ ಜೋರಾಗಿ ಇದ್ದದ್ದು ಹೇಳು."

ಬಾಗಿಲಲ್ಲಿದ್ದ ತಾಯಂದಿರನ್ನು ಅವರು ನೋಡಿದರು. ಸೊಸೆಯನ್ನು ನೋಡಿದರು. ನೆಲ ನೋಡುತ್ತಾ ಹೇಳಿದರು: "ಅಕ್ಕ ಏನೂ ಮುಚ್ಚಿಟ್ಟಿದ್ದಿಲ್ಲ. ನಂಗ ಮೊದ್ಲ ಗೊತ್ತಿತ್ತು. ಅಕ್ಕನ ಬ್ಯಾಡ ಅಂದಿದ್ಳು, ನಾನ ಬರ್ರಿ ಅಂದೆ."

"ಹಿಂದಿನೋರ್ಗೆ ಕೇಳುಸ್ಲಿಲ್ಲ" ಎಂದಳು ದೊಡ್ಡ ಹುಡುಗಿ. ಅವಳನ್ನು ನಾನು ಗದರಿಸಲಿಲ್ಲ. ಅವರು ಮತ್ತೊಮ್ಮೆ, ಜೋರಾಗಿ, ಹೇಳಿದರು.

"ಈಗ ಇಳಿಸ್ರಿ ಅಕ್ಕಾ."

"ಇಳಿಸೋದಿಲ್ಲ. ಹುಡುಗಿಯರು ಬರದದ್ದು, ಅವ್ರ ಹೆಸರಿನ್ಯಾಗ ಇಲ್ಲೇ ಇರ್ತಾವ. ನಿನ್ನ ಗೋಡಿನೂ ನಾ ಬರೆಯೋದಿಲ್ಲ. ಅದು ಬೆಳ್ಳಗ ಇರ್ಲಿ. ಊಟಕ್ಕ ಕುಂತೋರು ಯಾಕ ಹಿಂಗೈತಿ ಅಂತ ಕೇಳ್ತಾರ, ನೀನ ಹೇಳು."

ಅಷ್ಟು ಉದ್ದದ ಮಾತನ್ನು ನಾನು ಮೊದಲು ಎಂದೂ ಜನರ ಮುಂದೆ ಆಡಿರಲಿಲ್ಲ.

ಹೊರಡುವಾಗ ಮದುಮಗಳು ಹೆಂಗಸರ ಸಾಲಿನ ಚಿತ್ರದ ಮುಂದೆ ನಿಂತು, ಅದನ್ನು ಕೊಡುತ್ತೀರಾ ಎಂದು ಬರೆದ ಹುಡುಗಿಯನ್ನೇ ಕೇಳಿದಳು. ಎಲ್ಲಿ ಹಾಕುತ್ತೀರಿ ಎಂದು ಹುಡುಗಿ ಕೇಳಿದ್ದಕ್ಕೆ, "ನಮ್ ರಾಯದುರ್ಗದ ಮನೇಲಿ, ನಡುಮನೇಲಿ" ಎಂದಳು. ಮಾವನ ಕಡೆ ತಿರುಗಿ, "ಒಂಚೂರು ಇಡ್ಕಳಿ ಮಾವ" ಎಂದು ಅವರ ಕೈಗೇ ಕೊಟ್ಟಳು. ಅವರು ತಮ್ಮನ್ನೇ ಎರಡು ಕೈಯಲ್ಲಿ ಹಿಡಿದುಕೊಂಡು, ಅಂಗಳದ ಜನರ ನಡುವೆ ದಾರಿ ಮಾಡಿಕೊಳ್ಳುತ್ತಾ ಕಾರಿನವರೆಗೆ ನಡೆದರು. ನಾನು ಬಾಗಿಲಲ್ಲಿ ನಿಂತು ಕಾರು ತಿರುಗುವವರೆಗೂ ನೋಡಿದೆ.

ಹಗೆ ಇಟ್ಟುಕೊಳ್ಳಬಾರದು ಎಂದು ನಿಮಗೆ ದೊಡ್ಡವರು ಯಾರಾದರೂ ಹೇಳಿದರೆ ಕೇಳಿಸಿಕೊಳ್ಳಿ, ಮಕ್ಕಳೇ. ನಾನು ಮಾತ್ರ ಹೇಳಲಾರೆ.

ಮುಂದಿನ ಭಾನುವಾರ ಮಕ್ಕಳು ಬಣ್ಣದ ಡಬ್ಬಿ ಹಿಡಿದು ಬಂದರು. ಬಿಟ್ಟುಹೋದವರೆಲ್ಲ ಬಂದರು. ಮೈದುನ ಅಂಗಳದಲ್ಲಿ ಅವರ ಚಪ್ಪಲಿಗಳನ್ನು ನೋಡಿ, ತನ್ನ ಹುಳಕ್ಕೆ ಬೇರೆ ಕೊಟ್ಟಿಗೆ ಹಾಕಿಸುವುದಾಗಿ ಹೇಳಿ ಹೋದ. ಬಾಗಿಲ ಹೊರಗೆ ತಾಯಂದಿರು ನಿಂತಿದ್ದರು. ಸುಳ್ಳು ಹೇಳಬಾರದಿತ್ತು ಎಂದವಳೂ ಅವರಲ್ಲಿದ್ದಳು, ಸೆರಗಿನ ಮರೆಯಲ್ಲಿ ಏನೋ ಕಟ್ಟಿಕೊಂಡು ತಂದಿದ್ದಳು. ಮಕ್ಕಳನ್ನು ಒಬ್ಬೊಬ್ಬರನ್ನೇ ಹೆಸರು ಹಿಡಿದು ಒಳಗೆ ಕರೆದೆ. ತಾಯಂದಿರಿಗೆ ಬನ್ನಿ ಎನ್ನಲಿಲ್ಲ.